ಸೋತವರು ಏಕೆ ಹೊರಡುತ್ತಾರೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಪಶ್ಚಿಮ ಆಫ್ರಿಕಾದ ಗಾಂಬಿಯಾ ಬಹಳ ಚಿಕ್ಕ ದೇಶ. ಒಂದು ನದಿಯ ಎರಡೂ ದಡಗಳುದ್ದಕ್ಕೆ ಪಟ್ಟಿಯಂತೆ ಚಾಚಿಕೊಂಡಿದೆ. ಸಮುದ್ರದ ಕಡೆಯೊಂದನ್ನು ಬಿಟ್ಟರೆ ಸುತ್ತಲೂ ಸೆನೆಗಲ್. ಅಲ್ಲಿನ ಮತದಾರರು ಬಹಳ ಕಾಲ ಮತಪತ್ರದ ಬದಲು ಗೋಲಿ ಹಾಕಿ ಮತ ಕೊಡುತ್ತಿದ್ದರು. ಮರೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಪೀಪಾಯಿ, ಅದರ ಮೇಲೆ ಅವರ ಚಿತ್ರ. ಕೈಯಲ್ಲಿದ್ದ ಗಾಜಿನ ಗೋಲಿಯನ್ನು ಕೊಳವೆಯೊಳಕ್ಕೆ ಬಿಟ್ಟರೆ ಅದು ಒಳಗಿನ ಗಂಟೆಗೆ ಬಡಿದು ಠಣ್ ಎನ್ನುತ್ತಿತ್ತು. ಹೊರಗೆ ಕುಳಿತ ಅಧಿಕಾರಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಒಂದು ಸದ್ದು ಬಂದರೆ ಸರಿ, ಎರಡು ಬಂದರೆ ಯಾರೋ ಎರಡು ಮತ ಹಾಕಿದ್ದಾರೆಂದು ಅರ್ಥ. ಓದುಬರಹ ಬಾರದವರೂ ಯಾರ ನೆರವಿಲ್ಲದೆ ಗುಟ್ಟಾಗಿ ಮತ ಕೊಡಬಹುದಾದ ಸರಳ ಏರ್ಪಾಟು ಅದು.

2016ರ ಡಿಸೆಂಬರ್ 1ರಂದು ಆ ಗೋಲಿಗಳು ಅಧ್ಯಕ್ಷ ಯಾಹ್ಯಾ ಜಾಮೆಯವರನ್ನು ಸೋಲಿಸಿದವು. 1994ರಲ್ಲಿ ಸೈನಿಕ ಕ್ರಾಂತಿಯ ಮೂಲಕ ಬಂದು 22 ವರ್ಷ ಆಳಿದವರು ಅವರು. ಸೋತ ಮರುದಿನ ದೂರದರ್ಶನದಲ್ಲಿ ಕಾಣಿಸಿಕೊಂಡು, ಗೆದ್ದ ಅಡಾಮಾ ಬ್ಯಾರೋ ಅವರನ್ನು ಅಭಿನಂದಿಸಿದರು. ಒಂದು ವಾರ ಕಳೆಯಿತು. ಡಿಸೆಂಬರ್ 9ರಂದು ಮಾತು ಬದಲಾಯಿಸಿ, ಫಲಿತಾಂಶವನ್ನು ತಾನು ಒಪ್ಪುವುದಿಲ್ಲ ಎಂದರು. ಬ್ಯಾರೋ ಪ್ರಮಾಣವಚನ ಸ್ವೀಕರಿಸಿದ್ದು 2017ರ ಜನವರಿ 19ರಂದು, ಅದೂ ತಮ್ಮ ದೇಶದಲ್ಲಲ್ಲ, ನೆರೆಯ ಸೆನೆಗಲ್‌ನ ರಾಜಧಾನಿ ಡಕಾರ್‌ನಲ್ಲಿದ್ದ ಗಾಂಬಿಯಾ ರಾಯಭಾರ ಕಚೇರಿಯಲ್ಲಿ. ನೆರೆರಾಷ್ಟ್ರಗಳ ಸೈನ್ಯ ಗಡಿ ದಾಟಿತು. ಗಾಂಬಿಯಾದ ಸೇನಾಧಿಪತಿ, ಇದು ರಾಜಕೀಯದವರ ಜಗಳ, ಇದಕ್ಕಾಗಿ ನನ್ನ ಸೈನಿಕರು ಕಾದುವುದಿಲ್ಲ ಎಂದು ಕೈತೊಳೆದುಕೊಂಡರು. ಎರಡು ದಿನಗಳಲ್ಲಿ ಜಾಮೆ ದೇಶ ಬಿಟ್ಟು ಈಕ್ವೆಟೋರಿಯಲ್ ಗಿನಿಗೆ ಹೋದರು.

ಪ್ರಜಾಪ್ರಭುತ್ವದ ಬಗ್ಗೆ ಮಾತನಾಡುವಾಗ ನಾವು ಗೆದ್ದವರನ್ನೇ ನೋಡುತ್ತೇವೆ. ಅವರ ಭರವಸೆ, ಅವರ ಸಂಪುಟ, ಅವರ ಮೆರವಣಿಗೆ. ನನಗೆ ಬಹುಕಾಲದಿಂದ ಸೋತವರೇ ಹೆಚ್ಚು ಮುಖ್ಯರಾಗಿ ಕಾಣುತ್ತಾರೆ. ಕೈಯಲ್ಲಿ ಸೈನ್ಯವಿದೆ, ಪೊಲೀಸರಿದ್ದಾರೆ, ಬೊಕ್ಕಸವಿದೆ. ಎದುರಿಗಿರುವುದು ಮತ ಎಣಿಕೆಯ ಒಂದು ಹಾಳೆ ಮಾತ್ರ. ಆ ಹಾಳೆಗೆ ಮಣಿದು ಒಬ್ಬ ಮನುಷ್ಯ ಕುರ್ಚಿ ಬಿಟ್ಟು ಏಕೆ ಹೊರಡಬೇಕು? ದೇಶ ದೇಶಗಳ ಆಡಳಿತವನ್ನು ಹೋಲಿಸಿ ನೋಡುವ ತೌಲನಿಕ ರಾಜಕೀಯ ಎಂಬ ಅಧ್ಯಯನ ಶಾಖೆ, ಹಣಕ್ಕೂ ಅಧಿಕಾರಕ್ಕೂ ಇರುವ ನಂಟನ್ನು ನೋಡುವ ರಾಜಕೀಯ ಅರ್ಥಶಾಸ್ತ್ರ ಎಂಬ ಅದರ ಒಡಹುಟ್ಟು, ಎರಡೂ ಈ ಪ್ರಶ್ನೆಯ ಸುತ್ತ ದಶಕಗಳಿಂದ ದುಡಿದಿವೆ.

ಮೊದಲು ಒಂದೆರಡು ಪರಿಕಲ್ಪನೆಗಳನ್ನು ಬಿಡಿಸಿಕೊಳ್ಳೋಣ. ಪ್ರಭುತ್ವ ಬೇರೆ, ಸರ್ಕಾರ ಬೇರೆ. ಒಂದು ನೆಲದ ಮೇಲೆ ಬಲಪ್ರಯೋಗಿಸುವ ನ್ಯಾಯಬದ್ಧ ಹಕ್ಕು ತನಗೊಂದಕ್ಕೇ ಇದೆ ಎಂದು ಹೇಳಿಕೊಂಡು, ಅದನ್ನು ನಡೆಸಿಯೂ ತೋರಿಸುವ ಸಂಸ್ಥೆ ಪ್ರಭುತ್ವ ಎಂದು ಜರ್ಮನ್ ಚಿಂತಕ ಮ್ಯಾಕ್ಸ್ ವೆಬರ್ 1919ರಲ್ಲಿ ವಿವರಿಸಿದರು. ಆ ಸಂಸ್ಥೆಯ ಚುಕ್ಕಾಣಿಯನ್ನು ಸದ್ಯಕ್ಕೆ ಹಿಡಿದವರು ಸರ್ಕಾರ. ಚುಕ್ಕಾಣಿ ಯಾರ ಕೈಗೆ, ಯಾವ ನಿಯಮದಂತೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಆಡಳಿತ ವ್ಯವಸ್ಥೆ. ಡಕಾರ್‌ನ ರಾಯಭಾರ ಕಚೇರಿಯಲ್ಲಿ ಆ ದಿನ ಈ ಮೂರೂ ಬೇರೆ ಬೇರೆಯಾಗಿ ಕಣ್ಣಿಗೆ ಕಂಡವು. ಹೊಸ ಸರ್ಕಾರ ಒಂದು ದೇಶದಲ್ಲಿತ್ತು, ಅದು ಆಳಬೇಕಾದ ಪ್ರಭುತ್ವ ಇನ್ನೊಂದು ದೇಶದಲ್ಲಿ. ನಡುವಿನ ನಿಯಮ ಉಳಿಯುತ್ತದೋ ಇಲ್ಲವೋ ಎಂಬುದು ಸೈನಿಕರ ನಿರ್ಧಾರಕ್ಕೆ ಕಾದಿತ್ತು.

ಪ್ರಜಾಪ್ರಭುತ್ವಕ್ಕೆ ವ್ಯಾಖ್ಯೆಗಳು ನೂರಾರು. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ರಾಜ್ಯಶಾಸ್ತ್ರಜ್ಞ ಆಡಂ ಪ್ಷೆವೋರ್ಸ್ಕಿ ಅದನ್ನು ತೀರ ಚಿಕ್ಕದಾಗಿಸಿದರು. ಆಳುವ ಪಕ್ಷ ಚುನಾವಣೆಯಲ್ಲಿ ಸೋಲಬಲ್ಲದಾದರೆ, ಸೋತು ಹೊರಹೋಗುವುದಾದರೆ, ಅದು ಪ್ರಜಾಪ್ರಭುತ್ವ. ಸಮಾನತೆ, ನ್ಯಾಯ, ಜನರ ಪಾಲ್ಗೊಳ್ಳುವಿಕೆ ಯಾವುದೂ ಇದರಲ್ಲಿಲ್ಲವಲ್ಲ ಎಂದು ಹಲವರು ಆಕ್ಷೇಪಿಸಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಆದರೂ ಈ ಅಳತೆಗೋಲಿನ ಪರವಾಗಿ ನಾನು ಮಾತನಾಡುತ್ತೇನೆ, ಏಕೆಂದರೆ ಇದನ್ನು ಹಿಡಿದು ಒಂದು ದೇಶವನ್ನು ನಿಜಕ್ಕೂ ಅಳೆಯಬಹುದು. ಅಳೆಯಲು ಹೊರಟಾಗ ಎದುರಾದ ಅತ್ಯಂತ ಕಠಿಣ ಪ್ರಸಂಗ ಬೋಟ್ಸ್ವಾನಾ.

ಬೋಟ್ಸ್ವಾನಾ 1966ರಲ್ಲಿ ಬ್ರಿಟನ್ನಿನಿಂದ ಸ್ವತಂತ್ರವಾಯಿತು. ಆಗ ಇಡೀ ದೇಶದಲ್ಲಿ ಡಾಂಬರು ಕಂಡ ರಸ್ತೆ ಸುಮಾರು 12 ಕಿಲೋಮೀಟರ್. ಅಂದಿನಿಂದ ಚುನಾವಣೆ ತಪ್ಪಲಿಲ್ಲ. ವಿರೋಧ ಪಕ್ಷಗಳಿದ್ದವು, ಅವು ಬಹಿರಂಗವಾಗಿ ಪ್ರಚಾರ ಮಾಡುತ್ತಿದ್ದವು, ಮತ ಎಣಿಕೆ ಒಟ್ಟಾರೆ ಪ್ರಾಮಾಣಿಕವಾಗಿತ್ತು. ಆದರೆ ಪ್ರತಿ ಸಲವೂ ಗೆದ್ದದ್ದು ಒಂದೇ ಪಕ್ಷ, ಬೋಟ್ಸ್ವಾನಾ ಡೆಮಾಕ್ರಟಿಕ್ ಪಾರ್ಟಿ. ಹಾಗಾದರೆ ಇದು ಪ್ರಜಾಪ್ರಭುತ್ವವೇ? ಹಲವು ವಿದ್ವಾಂಸರು ಹೌದು ಎಂದರು, ಆಫ್ರಿಕಾದ ಮಾದರಿ ಎಂದು ಹೊಗಳಿದರು. ಪ್ಷೆವೋರ್ಸ್ಕಿ ಮತ್ತು ಅವರ ಸಂಗಡಿಗರು ಮಾತ್ರ ತಮ್ಮ ಪಟ್ಟಿಯಲ್ಲಿ ಬೋಟ್ಸ್ವಾನಾವನ್ನು ಪ್ರಜಾಪ್ರಭುತ್ವಗಳ ಸಾಲಿಗೆ ಸೇರಿಸಲಿಲ್ಲ. ಆಳುವವರು ಸೋತದ್ದನ್ನು ಯಾರೂ ಕಂಡಿಲ್ಲ, ಸೋತಾಗ ಹೋಗುತ್ತಾರೆಯೇ ಎಂಬುದು ಯಾರಿಗೂ ತಿಳಿಯದು ಎಂಬುದು ಅವರ ವಾದ. ಜಪಾನಿನಲ್ಲಿ 1955ರಿಂದ ಆಳಿದ ಪಕ್ಷ 1993ರಲ್ಲಿ ಅಧಿಕಾರ ಬಿಟ್ಟುಕೊಟ್ಟಿತು. ಮಲೇಷ್ಯಾದಲ್ಲಿ ಸ್ವಾತಂತ್ರ್ಯದಿಂದ ಆಳಿದ ಮೈತ್ರಿಕೂಟ 2018ರಲ್ಲಿ ಸೋತಿತು. ಬೋಟ್ಸ್ವಾನಾದ ಉತ್ತರಕ್ಕೆ ಇನ್ನೂ ಕಾಯಬೇಕಾಯಿತು.

ಉತ್ತರ ಬಂದದ್ದು 2024ರಲ್ಲಿ. ಅಕ್ಟೋಬರ್ 30ರಂದು ಮತದಾನ ನಡೆಯಿತು. ನವೆಂಬರ್ 1ರಂದು, ಎಣಿಕೆ ಪೂರ್ತಿ ಮುಗಿಯುವ ಮೊದಲೇ, ಅಧ್ಯಕ್ಷ ಮೋಕ್ವೀಟ್ಸಿ ಮಸಿಸಿ ಸೋಲೊಪ್ಪಿಕೊಂಡು ಎದುರಾಳಿ ಡೂಮಾ ಬೋಕೊ ಅವರನ್ನು ಅಭಿನಂದಿಸಿದರು. 58 ವರ್ಷಗಳ ಆಳ್ವಿಕೆ ಗುಂಡಿನ ಸದ್ದಿಲ್ಲದೆ ಮುಗಿಯಿತು. ಆ ಸುದ್ದಿ ಓದಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಆ ಚುನಾವಣೆಯ ಅಂಕಿಗಳನ್ನು ಹತ್ತಿರದಿಂದ ನೋಡಬೇಕು. ಆಳುವ ಪಕ್ಷಕ್ಕೆ ಶೇಕಡಾ 30ರಷ್ಟು ಮತ ಬಿದ್ದಿತ್ತು, ಮತಗಳ ಲೆಕ್ಕದಲ್ಲಿ ಅದು ಎರಡನೆಯ ಸ್ಥಾನ. ಆದರೆ 61 ಕ್ಷೇತ್ರಗಳಲ್ಲಿ ಅದಕ್ಕೆ ದಕ್ಕಿದ್ದು 4 ಮಾತ್ರ. ಶೇಕಡಾ 21ರಷ್ಟು ಮತ ಪಡೆದ ಇನ್ನೊಂದು ಪಕ್ಷಕ್ಕೆ 15 ಸ್ಥಾನ ಬಂದವು. ಇದು ಹೇಗೆ? ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುವ, ಉಳಿದವರ ಮತಗಳಿಗೆ ಬೆಲೆಯೇ ಇಲ್ಲದ ಪದ್ಧತಿ ಅಲ್ಲಿನದು. ಮತ ದೇಶವಿಡೀ ತೆಳ್ಳಗೆ ಹರಡಿಕೊಂಡರೆ ಎಲ್ಲ ಕಡೆಯೂ ಎರಡನೆಯವರಾಗಿ ಉಳಿಯಬೇಕಾಗುತ್ತದೆ. ಇದೇ ಪದ್ಧತಿ ಹಿಂದೆ ಅದೇ ಪಕ್ಷವನ್ನು ಕಾಪಾಡಿತ್ತು. 2014ರಲ್ಲಿ ಅದಕ್ಕೆ ಬಿದ್ದ ಮತ ಅರ್ಧಕ್ಕಿಂತ ಕಡಿಮೆ. ವಿರೋಧಿಗಳು ಒಡೆದುಹೋಗಿದ್ದರಿಂದ 57ರಲ್ಲಿ 37 ಸ್ಥಾನ ಸಿಕ್ಕಿತ್ತು. ದಶಕಗಳ ಕಾಲ ಒಂದು ಪಕ್ಷವನ್ನು ಕುರ್ಚಿಯಲ್ಲಿ ಕೂರಿಸಿದ ನಿಯಮವೇ ಕೊನೆಗೆ ಅದನ್ನು ಮೂಲೆಗೆ ತಳ್ಳಿತು. ನ್ಯೂಜಿಲೆಂಡಿನಲ್ಲೂ 1978 ಮತ್ತು 1981ರಲ್ಲಿ ಹೆಚ್ಚು ಮತ ಪಡೆದ ಪಕ್ಷ ಕಡಿಮೆ ಸ್ಥಾನ ಪಡೆದು ವಿರೋಧ ಪಕ್ಷದಲ್ಲಿ ಕೂರಬೇಕಾಯಿತು. ಅಲ್ಲಿಯವರು 1993ರ ಜನಮತಗಣನೆಯಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟು, ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಸಿಗುವ ವ್ಯವಸ್ಥೆಗೆ ಬದಲಾದರು. ಚುನಾವಣಾ ಪದ್ಧತಿ ಎಂಬುದು ಗುಮಾಸ್ತರ ವಿಷಯವೆಂದು ತಿಳಿಯಬಾರದು. ಸೋತವನ ನಷ್ಟ ಎಷ್ಟು ಎಂಬುದನ್ನು ಅದು ನಿರ್ಧರಿಸುತ್ತದೆ. ನಷ್ಟ ಹೆಚ್ಚಿದಷ್ಟೂ ಹೊರಡಲು ಮನಸ್ಸು ಒಪ್ಪುವುದಿಲ್ಲ. ಅಧ್ಯಕ್ಷೀಯ ಪದ್ಧತಿಯಲ್ಲಿ ಗೆದ್ದವನಿಗೆ ಎಲ್ಲವೂ, ಸೋತವನಿಗೆ ಏನೂ ಇಲ್ಲ ಎಂಬಂತಾಗಿ ಅಪಾಯ ಹೆಚ್ಚು ಎಂದು ರಾಜಕೀಯ ವಿದ್ವಾಂಸ ಹ್ವಾನ್ ಲಿಂಜ್ 1990ರಲ್ಲಿ ವಾದಿಸಿದರು. ಆ ಚರ್ಚೆ ಇನ್ನೂ ನಡೆದಿದೆ.

ಈಗ ಹಣದ ಮಾತಿಗೆ ಬರೋಣ. ಬೋಟ್ಸ್ವಾನಾದಲ್ಲಿ ಸ್ವಾತಂತ್ರ್ಯದ ಮರುವರ್ಷ, 1967ರಲ್ಲಿ, ಓರಪಾ ಎಂಬಲ್ಲಿ ವಜ್ರ ಸಿಕ್ಕಿತು. ನೆಲದಡಿಯ ಸಂಪತ್ತು ಎಷ್ಟೋ ದೇಶಗಳನ್ನು ಹಾಳುಮಾಡಿದೆ. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧಕ್ಕೆ ವಜ್ರವೇ ಇಂಧನವಾಯಿತು. ಅದೇ ಕಲ್ಲು ಒಂದು ಕಡೆ ಶಾಲೆ, ರಸ್ತೆ, ಆಸ್ಪತ್ರೆಯಾಯಿತು, ಇನ್ನೊಂದು ಕಡೆ ಬಂದೂಕಾಯಿತು. ಒಂದು ಕಾರಣ ಭೂಗರ್ಭದಲ್ಲಿದೆ. ಸಿಯೆರಾ ಲಿಯೋನ್‌ನ ವಜ್ರ ನದಿಯ ಮರಳು, ಜಲ್ಲಿಗಳಲ್ಲಿ ಚದುರಿಕೊಂಡಿದೆ. ಸಲಿಕೆ, ಜರಡಿ ಇದ್ದವರು ಯಾರು ಬೇಕಾದರೂ ತೆಗೆಯಬಹುದು, ಬಂದೂಕು ಇದ್ದವರು ಕಸಿದುಕೊಳ್ಳಬಹುದು. ಬೋಟ್ಸ್ವಾನಾದ ವಜ್ರ ಆಳಕ್ಕಿಳಿದ ಬಂಡೆಯೊಳಗಿದೆ; ತೆಗೆಯಲು ಭಾರೀ ಯಂತ್ರ ಬೇಕು, ಬೇಲಿ ಹಾಕಿ ಕಾಯುವುದು ಸುಲಭ, ಪಾಲು ವಸೂಲಿ ಮಾಡುವುದೂ ಸುಲಭ. ಆದರೆ ಭೂಗರ್ಭವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ತಮ್ಮದೇ ಬುಡಕಟ್ಟಿನ ನೆಲದಲ್ಲಿ ಸಿಗಲಿದ್ದ ಖನಿಜವೂ ಸೇರಿ, ಖನಿಜದ ಹಕ್ಕು ಇಡೀ ದೇಶದ್ದು ಎಂದು 1967ರಲ್ಲಿ ಕಾನೂನು ಮಾಡಿದರು. ಬುಡಕಟ್ಟಿನ ಹಿತಕ್ಕೆ ಅಂಟಿಕೊಂಡಿದ್ದರೆ ಅದರ ಮೇಲೆ ಜಗಳ ಹುಟ್ಟುವುದು ಖಚಿತವಿತ್ತು. ಒಬ್ಬ ನಾಯಕನ ನಿರ್ಧಾರ ಇಷ್ಟು ದೂರ ಸಾಗುವುದನ್ನು ಕಂಡಾಗ, ಎಲ್ಲವನ್ನೂ ಭೂಗರ್ಭ, ಸಂಪತ್ತಿನಂಥ ರಚನೆಗಳೇ ತೀರ್ಮಾನಿಸುತ್ತವೆ ಎನ್ನುವ ವಿದ್ವಾಂಸರೊಂದಿಗೆ ನಾನು ಪೂರ್ತಿ ಸೇರಲಾರೆ.

ಜಾಮೆ ಆಶ್ರಯ ಪಡೆದ ಈಕ್ವೆಟೋರಿಯಲ್ ಗಿನಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಟಿಯೊಡೊರೊ ಒಬಿಯಾಂಗ್ 1979ರಲ್ಲಿ ತಮ್ಮ ಚಿಕ್ಕಪ್ಪನನ್ನೇ ಇಳಿಸಿ ಅಧಿಕಾರ ಹಿಡಿದರು. ಚುನಾವಣೆಗಳು ನಡೆಯುತ್ತವೆ, ಪ್ರತಿ ಸಲ ಶೇಕಡಾ 90ಕ್ಕೂ ಹೆಚ್ಚು ಮತಗಳೊಂದಿಗೆ ಅವರೇ ಗೆಲ್ಲುತ್ತಾರೆ. 1990ರ ದಶಕದ ನಡುವಿನಿಂದ ಕಡಲಾಳದ ತೈಲದ ಹಣ ಹರಿದು ಬಂದಿತು. ತೈಲದ ಹಣ ಬರುವುದು ಕಂಪನಿಗಳಿಂದ, ಪ್ರಜೆಗಳ ಜೇಬಿನಿಂದಲ್ಲ. ಪ್ರಜೆಗಳಿಂದ ತೆರಿಗೆ ಎತ್ತದ ಆಡಳಿತಗಾರನಿಗೆ ಅವರ ಒಪ್ಪಿಗೆಯೂ ಬೇಕಾಗುವುದಿಲ್ಲ, ಲೆಕ್ಕ ಕೇಳುವ ಸಂಸತ್ತೂ ಬೇಕಾಗುವುದಿಲ್ಲ. ಇರಾನಿನ ಅರ್ಥಶಾಸ್ತ್ರಜ್ಞ ಹೊಸೇನ್ ಮಹದವಿ 1970ರಲ್ಲಿ ತಮ್ಮ ದೇಶವನ್ನೇ ನೋಡಿ ಈ ವಾದದ ತಳಹದಿ ಹಾಕಿದರು. ಇಂಥ ದೇಶದಲ್ಲಿ ಕುರ್ಚಿ ಬಿಡುವುದೆಂದರೆ ಸಂಪತ್ತಿನ ಒಂದೇ ಬಾಗಿಲನ್ನು ಬಿಟ್ಟು ನಡೆಯುವುದು. ಅಧಿಕಾರದ ಹೊರಗೆ ಬದುಕಲು ದಾರಿಯೇ ಇಲ್ಲದ ಕಡೆ ಯಾರೂ ಸುಮ್ಮನೆ ಸೋಲುವುದಿಲ್ಲ. ನಾರ್ವೆಗೂ ತೈಲ ಸಿಕ್ಕಿತು, ಆದರೆ 1969ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಸಂಸತ್ತಿಗೆ ಉತ್ತರ ಹೇಳುವ ಸರ್ಕಾರದ ರೂಢಿ 1884ರಿಂದಲೇ ಬೇರೂರಿತ್ತು. ಯಾವುದು ಮೊದಲು ಬಂದಿತು ಎಂಬುದು ಇಲ್ಲಿ ಬಹಳ ಮುಖ್ಯ.

ಶ್ರೀಮಂತ ದೇಶಗಳಲ್ಲಿ ಪ್ರಜಾಪ್ರಭುತ್ವ ಹೆಚ್ಚು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಸೇಮರ್ ಮಾರ್ಟಿನ್ ಲಿಪ್ಸೆಟ್ 1959ರಲ್ಲಿ ತೋರಿಸಿದರು. ಪ್ಷೆವೋರ್ಸ್ಕಿ ಮತ್ತು ಫರ್ನಾಂಡೊ ಲಿಮೊಂಗಿ 1997ರಲ್ಲಿ ಅದನ್ನು ತಿದ್ದಿದರು: ಸಂಪತ್ತು ಪ್ರಜಾಪ್ರಭುತ್ವವನ್ನು ಹುಟ್ಟಿಸುವುದಿಲ್ಲ, ಹುಟ್ಟಿದ್ದನ್ನು ಸಾಯದಂತೆ ಕಾಯುತ್ತದೆ. ಅವರ ಲೆಕ್ಕದಲ್ಲಿ ಕುಸಿದ ಪ್ರಜಾಪ್ರಭುತ್ವಗಳ ಪೈಕಿ ಅತಿ ಶ್ರೀಮಂತವಾದದ್ದು ಅರ್ಜೆಂಟೀನಾ. 1976ರ ಸೈನಿಕ ಕ್ರಾಂತಿಗೆ ಹಿಂದಿನ ವರ್ಷ ಅಲ್ಲಿನ ತಲಾ ಆದಾಯ, 1985ರ ಬೆಲೆಗಳಲ್ಲಿ, 6,055 ಡಾಲರ್ ಇತ್ತು. ಈ ಸಿದ್ಧಾಂತಕ್ಕೆ ಬಗ್ಗದ ಪ್ರಸಂಗ ಭಾರತ. ಬಡತನದ ನಡುವೆಯೂ ಚುನಾವಣೆ ಉಳಿಯಿತು. ತುರ್ತುಪರಿಸ್ಥಿತಿಯ ನಂತರ 1977ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿಯವರ ಪಕ್ಷ ಸೋತಿತು, ರಾಯ್‌ಬರೇಲಿಯಲ್ಲಿ ಅವರೇ ಸೋತರು, ರಾಜೀನಾಮೆ ಕೊಟ್ಟು ಹೊರನಡೆದರು. ತೌಲನಿಕ ರಾಜಕೀಯದ ಯಾವ ನಿಯಮವೂ ಕಬ್ಬಿಣದ್ದಲ್ಲ ಎಂಬುದಕ್ಕೆ ವಿದ್ವಾಂಸರು ಮತ್ತೆ ಮತ್ತೆ ಈ ಪ್ರಸಂಗಕ್ಕೆ ಮರಳುತ್ತಾರೆ.

ನಷ್ಟ, ಹಣ ಇವೆರಡರ ಜೊತೆಗೆ ಇನ್ನೊಂದಿದೆ, ಅದು ನಾಳೆಯ ಆಸೆ. ಘಾನಾದ ನಾನಾ ಅಕುಫೊ-ಆಡೊ 2008ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದಿದ್ದರು. ಎರಡನೆಯ ಸುತ್ತಿನಲ್ಲಿ ಅರ್ಧ ಶೇಕಡಾಕ್ಕೂ ಕಡಿಮೆ ಅಂತರದಿಂದ ಸೋತರು. ಆಗ ಆಳುತ್ತಿದ್ದದ್ದು ಅವರದೇ ಪಕ್ಷ. ಹಠ ಹಿಡಿಯಬಹುದಿತ್ತು, ಹಿಡಿಯಲಿಲ್ಲ. 2012ರಲ್ಲಿ ಮತ್ತೆ ಸೋತರು, ಸುಪ್ರೀಂ ಕೋರ್ಟಿಗೆ ಹೋದರು, 2013ರಲ್ಲಿ ತೀರ್ಪು ವಿರುದ್ಧವಾಗಿ ಬಂದಾಗ ಒಪ್ಪಿಕೊಂಡರು. 2016ರಲ್ಲಿ ಗೆದ್ದರು. ಆಗ ಸೋತ ಜಾನ್ ಮಹಾಮಾ 2020ರಲ್ಲೂ ಸೋತು, 2024ರ ಡಿಸೆಂಬರ್‌ನಲ್ಲಿ ಗೆದ್ದು ಮರಳಿದರು. ಆಳುವ ಪಕ್ಷದ ಅಭ್ಯರ್ಥಿ ಮತದಾನದ ಮರುದಿನವೇ, ಅಧಿಕೃತ ಘೋಷಣೆಗೆ ಮುನ್ನ, ಸೋಲೊಪ್ಪಿದರು. ಇವರೆಲ್ಲ ಸಜ್ಜನರೇ ಇರಬಹುದು, ಆದರೆ ಸಜ್ಜನಿಕೆಯೊಂದೇ ಇಷ್ಟು ಸಲ ಕೈಹಿಡಿಯುವುದಿಲ್ಲ. ಇಂದು ಮನೆಗೆ ಹೋದರೂ ನಾಲ್ಕು ವರ್ಷಗಳಲ್ಲಿ ಮರಳಬಹುದು, ನಡುವೆ ಯಾರೂ ನನ್ನನ್ನು ಸೆರೆಗೆ ತಳ್ಳುವುದಿಲ್ಲ ಎಂಬ ನಂಬಿಕೆ ಇದ್ದರೆ ಸೋಲು ಸಹಿಸುವಂಥದ್ದಾಗುತ್ತದೆ. ಆ ನಂಬಿಕೆಯನ್ನು ಒಡೆಯುವ ಪ್ರತಿಯೊಂದು ಕೆಲಸವೂ, ಗೆದ್ದವರು ಸೇಡಿನಿಂದ ಹೂಡುವ ಪ್ರತಿಯೊಂದು ಮೊಕದ್ದಮೆಯೂ, ಮುಂದೆ ತಾವೇ ಸೋಲುವ ದಿನವನ್ನು ಭಯಾನಕವಾಗಿಸುತ್ತದೆ. ನಿಜವಾದ ಅಪರಾಧಗಳಿಗೆ ಶಿಕ್ಷೆಯೂ ಆಗಬೇಕಲ್ಲವೇ ಎಂದು ನೀವು ಕೇಳಬಹುದು. ಆಗಲೇಬೇಕು. ಸೇಡು ಯಾವುದು, ನ್ಯಾಯ ಯಾವುದು ಎಂದು ಬೇರ್ಪಡಿಸಲು ಎರಡೂ ಕಡೆಯವರು ನಂಬುವ ನ್ಯಾಯಾಲಯ ಬೇಕು. ಘಾನಾಕ್ಕೆ 2013ರಲ್ಲಿ ಅದಿತ್ತು.

ಪ್ರಜಾಪ್ರಭುತ್ವ ಬೇರೂರಿದೆಯೇ ಎಂದು ತಿಳಿಯಲು ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್ಟನ್ 1991ರಲ್ಲಿ ಒಂದು ಕಟ್ಟುನಿಟ್ಟಾದ ಪರೀಕ್ಷೆ ಸೂಚಿಸಿದರು. ಅಧಿಕಾರ ಒಂದು ಸಲ ಕೈಬದಲಾದರೆ ಸಾಲದು. ಆ ಸಲ ಗೆದ್ದು ಬಂದವರೂ ಮುಂದೊಮ್ಮೆ ಸೋತು, ಶಾಂತಿಯಿಂದ ಹೋಗಬೇಕು. ಘಾನಾ 2000 ಮತ್ತು 2008ರ ಚುನಾವಣೆಗಳಲ್ಲಿ ಇದನ್ನು ದಾಟಿತು. ಬೋಟ್ಸ್ವಾನಾ ದಾಟಿರುವುದು ಅರ್ಧ. ವಜ್ರದ ಬೇಡಿಕೆ ಕುಸಿದು ಬೊಕ್ಕಸ ಸೊರಗಿದ ಹೊತ್ತಿನಲ್ಲಿ ಹೊಸ ಸರ್ಕಾರ ಅಧಿಕಾರಕ್ಕೆ ಬಂದಿದೆ. ಮತದಾರರ ಮುಂದೆ ಅದು ಮತ್ತೆ ನಿಲ್ಲಬೇಕಾದದ್ದು 2029ರಲ್ಲಿ.

ನಮಸ್ಕಾರ.