ಓಡದ ದಿನಗಳು

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗಿನ ಹೊತ್ತು ವಾಕಿಂಗ್ ಹೋಗುವವರು ಈ ಮಾತು ಕೇಳುತ್ತಿರುವವರಲ್ಲಿ ತುಂಬಾ ಜನ ಇರಬೇಕು. ಕೆಲವರು ನನ್ನನ್ನು ನೋಡಿಯೂ ಇರಬಹುದು. ನೀಲಿ ಟೋಪಿ ಹಾಕಿಕೊಂಡು, ನಿಧಾನಕ್ಕೆ ಓಡುತ್ತಾ, ಪಕ್ಕದವರ ಜೊತೆ ಮಾತಾಡುತ್ತಾ ಹೋಗುವವಳು ನಾನೇ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಓಡಲು ಶುರು ಮಾಡಿದ್ದು 2015ರಲ್ಲಿ, ಆಗ ನನಗೆ 37 ವರ್ಷ. ಇವತ್ತು ಹೇಳಬೇಕು ಅಂದುಕೊಂಡಿರುವುದು ಓಡಿದ ದಿನಗಳಿಗಿಂತ ಜಾಸ್ತಿ, ಓಡದೆ ಮನೆಯಲ್ಲಿ ಕೂತ ದಿನಗಳ ಬಗ್ಗೆ. ನನಗೆ ಮ್ಯಾರಥಾನ್ ಓಡಿಸಿದ್ದು ಆ ದಿನಗಳೇ.

ಮೊದಲ ದಿನ ಎರಡು ಲೈಟ್ ಕಂಬಗಳ ನಡುವೆ ಓಡಿದೆ, ಆಮೇಲೆ ನಾಲ್ಕು ಕಂಬ ನಡೆದೆ. ಹಾಗೆ ಮಾಡುತ್ತಾ ಮಾಡುತ್ತಾ ಮೂರು ತಿಂಗಳಿಗೆ ಕೆರೆ ಸುತ್ತ ನಿಲ್ಲದೆ ಒಂದು ಸುತ್ತು ಬಂದೆ. ಮನೆಗೆ ಬಂದು ಯಾರಿಗೂ ಹೇಳದೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ, ಅಷ್ಟು ಖುಷಿ. ಮರುವರ್ಷ ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ ಹಾಫ್, ಅಂದರೆ ಅರ್ಧ ಮ್ಯಾರಥಾನ್ ಓಡಿದೆ. ಅದು ಡಾಂಬರು ರಸ್ತೆಯ ಓಟ ಅಲ್ಲ. ರಂಗನತಿಟ್ಟಿನ ಹತ್ತಿರ ಕಾಲುವೆ ಪಕ್ಕದ ಮಣ್ಣಿನ ದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಮೇಲೆ ಕೊಕ್ಕರೆಗಳು. 21 ಕಿಲೋಮೀಟರ್ ಮುಗಿಸಲು 2 ಗಂಟೆ 31 ನಿಮಿಷ ಹಿಡಿಯಿತು. ಮುಗಿಸಿ ಬಾಳೆಹಣ್ಣು ತಿನ್ನುತ್ತಾ ಕೂತಾಗ ತಲೆಯಲ್ಲಿ ಇದ್ದದ್ದು ಒಂದೇ: ಇದರ ಎರಡರಷ್ಟು ಓಡಬೇಕು.

ಪೂರ್ತಿ ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರ ಅದು, 1921ರಲ್ಲಿ ಅದನ್ನೇ ಅಧಿಕೃತ ಅಳತೆಯಾಗಿ ಗಟ್ಟಿ ಮಾಡಿದರು. ನಮ್ಮ ದೇಶದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಅಷ್ಟೂ ದೂರವನ್ನು 2 ಗಂಟೆ 12 ನಿಮಿಷದಲ್ಲಿ ಓಡಿದ್ದರು. ಎಷ್ಟೋ ಓಟಗಳನ್ನು ಬರಿಗಾಲಲ್ಲೇ ಓಡಿದ ಮನುಷ್ಯ. ಆ ದಾಖಲೆ 40 ವರ್ಷ ಕಳೆದರೂ ಅಲುಗಲಿಲ್ಲ. ನಾನು ಹುಟ್ಟಿದ್ದೂ ಅದೇ 1978ರಲ್ಲಿ, ಅದಕ್ಕೇ ಏನೋ ಆ ಹೆಸರು ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

2018ರ ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ದಸರಾ ರಜೆ ಸಿಕ್ಕಿತು ನೋಡಿ, ವಾರಕ್ಕೆ 30 ಕಿಲೋಮೀಟರ್ ಓಡುತ್ತಿದ್ದವಳು ಐದೇ ವಾರದಲ್ಲಿ 55ಕ್ಕೆ ಹೋದೆ. ಉಸಿರು ಚೆನ್ನಾಗಿತ್ತು, ಕಾಲು ಹಗುರವಾಗಿತ್ತು, ಯಾಕೆ ನಿಲ್ಲಿಸಬೇಕು ಅನ್ನಿಸುತ್ತಿತ್ತು. ಭಾನುವಾರ ಲಾಂಗ್ ರನ್. ಅಂದರೆ ವಾರದಲ್ಲಿ ಒಂದು ದಿನ ಎರಡು ಮೂರು ಗಂಟೆ ಓಡುವುದು. ಈಗ ಇನ್ನೊಂದು ವಿಷಯ ಹೇಳುತ್ತೇನೆ, ದಯವಿಟ್ಟು ಗಮನ ಕೊಟ್ಟು ಕೇಳಿ. ನಮ್ಮ ಮನೆಯಲ್ಲಿ ಶನಿವಾರ ಒಪ್ಪತ್ತು. ಮದುವೆಯಾದಾಗಿನಿಂದ ಮಾಡಿಕೊಂಡು ಬಂದ ವ್ರತ. ಮಧ್ಯಾಹ್ನ ಒಂದು ಊಟ, ರಾತ್ರಿ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಅಷ್ಟರ ಮೇಲೆ ಭಾನುವಾರ ಬೆಳಗಿನ ಜಾವ ಎದ್ದು ಬರೀ ಕಾಫಿ ಕುಡಿದು 25 ಕಿಲೋಮೀಟರ್ ಓಡಲು ಹೋಗುತ್ತಿದ್ದೆ. ಹಸಿದ ಹೊಟ್ಟೆಯಲ್ಲಿ ಓಡುವುದು ಗಟ್ಟಿತನ ಅಂತ ನಂಬಿದ್ದೆ.

ನವೆಂಬರ್‌ನಲ್ಲಿ ಬಲಗಾಲಿನಲ್ಲಿ ನೋವು ಬಂತು. ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಬದಿಯಲ್ಲಿ. ಮೊದಲು ಓಡುವಾಗ ಮಾತ್ರ ನೋಯುತ್ತಿತ್ತು. ಆಮೇಲೆ ಮೆಟ್ಟಿಲು ಇಳಿಯುವಾಗ. ಆಮೇಲೆ ತರಗತಿಯಲ್ಲಿ ಬೋರ್ಡ್ ಮುಂದೆ ಸುಮ್ನೆ ನಿಂತಾಗಲೂ. ಒಂದು ಕಡೆ ತೋರಿಸಿದೆ, ಎಕ್ಸ್‌ರೇ ತೆಗೆದರು, ಏನೂ ಇಲ್ಲ ಅಂದರು, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಮಾತ್ರೆ ನುಂಗಿ ಇನ್ನೂ ಹತ್ತು ದಿನ ಓಡಿದೆ. ಹೀಗೆ ಮಾತ್ರೆ ನುಂಗಿ ಓಡುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಬೇಡ, ಖಂಡಿತ ಬೇಡ. ನೋವು ಒಂದು ಸುದ್ದಿ ತಂದಿರುತ್ತದೆ. ಮಾತ್ರೆ ಅದರ ಬಾಯಿ ಮುಚ್ಚಿಸುತ್ತದೆ, ಅಷ್ಟೇ.

ಕೊನೆಗೆ ಫಿಸಿಯೋಥೆರಪಿ ಮಾಡುವ ಒಬ್ಬ ಹುಡುಗಿಯ ಹತ್ತಿರ ಹೋದೆ. ಅವಳು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೂಳೆಯ ಉದ್ದಕ್ಕೂ ಹೆಬ್ಬೆರಳು ಒತ್ತುತ್ತಾ ಬಂದಳು. ಇಲ್ಲಿ? ಇಲ್ಲ. ಇಲ್ಲಿ? ಇಲ್ಲ. ಒಂದು ಜಾಗಕ್ಕೆ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬಟಾಣಿ ಕಾಳಿನಷ್ಟು ಜಾಗ ಅದು. ಅವಳು ಆ ಜಾಗಕ್ಕೆ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟು, "ಮೇಡಂ, ನೋವು ಇಡೀ ಮೂಳೆಗೆ ಹರಡಿದ್ದರೆ ನನಗೆ ಇಷ್ಟು ಭಯ ಆಗ್ತಿರಲಿಲ್ಲ. ಒಂದೇ ಬೊಟ್ಟಿನಲ್ಲಿ ತೋರಿಸೋ ಹಾಗಿದ್ರೆ ಸ್ಕ್ಯಾನ್ ಮಾಡಿಸಲೇಬೇಕು" ಅಂದಳು. ಎಂಆರ್‌ಐಯಲ್ಲಿ ಗೊತ್ತಾಯಿತು, ಸ್ಟ್ರೆಸ್ ಫ್ರ್ಯಾಕ್ಚರ್ ಶುರುವಾಗಿತ್ತು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಶುರುವಿನಲ್ಲಿ ಇಂಥದ್ದು ಎಷ್ಟೋ ಸಲ ಎಕ್ಸ್‌ರೇಗೆ ಸಿಗುವುದೇ ಇಲ್ಲವಂತೆ.

ಆ ಹುಡುಗಿ ಅವತ್ತು ಹೇಳಿದ್ದು ನನಗೆ ಹೊಸ ಪಾಠ. ಓಡಿದಾಗ ಮೂಳೆಗೆ ಪೆಟ್ಟು ಬೀಳುತ್ತದೆ. ದೇಹ ಆ ಜಾಗದಲ್ಲಿ ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕೆರೆಯಲು ಕೆಲವು ವಾರ ಸಾಕು, ಕಟ್ಟಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಓಟ ಜಾಸ್ತಿ ಮಾಡಿದ ಮೂರು ನಾಲ್ಕು ವಾರಕ್ಕೆ ಮೂಳೆ ಮೊದಲಿಗಿಂತ ಬಡವಾಗಿರುತ್ತದೆ. ಅದೇ ಹೊತ್ತಿಗೆ ಹೃದಯ, ಶ್ವಾಸಕೋಶ, ಸ್ನಾಯು ಎಲ್ಲ ಚುರುಕಾಗಿ, ಇನ್ನೂ ಓಡು ಇನ್ನೂ ಓಡು ಅನ್ನುತ್ತಿರುತ್ತವೆ. ಉಸಿರು ಬೇಗ ಕಲಿಯುತ್ತದೆ, ಮೂಳೆ ನಿಧಾನಕ್ಕೆ ಕಲಿಯುತ್ತದೆ. ನಾನು ಉಸಿರಿನ ಮಾತು ಮಾತ್ರ ಕೇಳಿದ್ದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ, ಆರರಿಂದ ಎಂಟು ವಾರ ಓಡುವ ಹಾಗಿಲ್ಲವಂತೆ, ಜನವರಿ ಓಟ ಹೋಯಿತು ಅಂತ. ಅವರು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ, "ಅಲ್ಲಮ್ಮ, ಹೆತ್ತ ಮೇಲೆ ಮೂರು ತಿಂಗಳು ಯಾಕೆ ಮಲಗಿಸಿದ್ದೆ ನಿನ್ನ? ಮೈ ಬಿಚ್ಚಿಕೊಂಡದ್ದು ಕೂಡಿಕೊಳ್ಳಕ್ಕೆ ಟೈಮ್ ಬೇಡ್ವಾ? ಊಟ ಬೇಡ್ವಾ? ಇದೂ ಹಂಗೇ ಅಂದ್ಕೋ, ಇನ್ನೊಂದು ಬಾಣಂತನ" ಅಂದರು. ಇಪ್ಪತ್ತು ವರ್ಷದಿಂದ ಶನಿವಾರ ಒಪ್ಪತ್ತು ಮಾಡಿಕೊಂಡು ಬಂದಿದ್ದ ನಮ್ಮತ್ತೆ ಆ ವಾರವೇ ನನ್ನ ವ್ರತವನ್ನು ಗುರುವಾರಕ್ಕೆ ಬದಲಾಯಿಸಿದರು. ದೇವರು ಏನೂ ಅಂದುಕೊಳ್ಳಲ್ಲ, ಇಬ್ಬರ ಪರವಾಗಿ ಶನಿವಾರ ನಾನೇ ಮಾಡ್ತೀನಿ ಅಂದರು. ಆ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಆಗಲೇ ರಕ್ತ ಪರೀಕ್ಷೆಯನ್ನೂ ಮಾಡಿಸಿದೆ. ಹಿಮೋಗ್ಲೋಬಿನ್ 10.2. ಹೆಂಗಸರಿಗೆ 12 ಆದರೂ ಇರಬೇಕು. ಕಬ್ಬಿಣದ ಅಂಶ ತಳ ಹಿಡಿದಿತ್ತು. ಓಡುವ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಮುಟ್ಟಿನಲ್ಲಿ ಹೋಗುತ್ತದೆ, ಬೆವರಿನಲ್ಲಿ ಸ್ವಲ್ಪ ಹೋಗುತ್ತದೆ, ಊಟದಲ್ಲಿ ಸಾಕಷ್ಟು ಬರುವುದಿಲ್ಲ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಬಂದದ್ದೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ತಿಂಡಿ ಆದ ತಕ್ಷಣ ಫಿಲ್ಟರ್ ಕಾಫಿ ಅನ್ನುವುದು ಮೈಸೂರಿನವರ ರೂಢಿ ಅಲ್ವಾ? ನಾನು ಅದನ್ನು ಒಂದು ಗಂಟೆ ಮುಂದಕ್ಕೆ ಹಾಕಿದೆ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಡಾಕ್ಟರ್ ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನೂ ನುಂಗಿದೆ. ಸುಸ್ತು ಅಂದರೆ ಮನಸ್ಸಿನ ದೌರ್ಬಲ್ಯ ಅಂತ ತಿಳಿದಿದ್ದೆ. ಅದು ರಕ್ತದ ಕೊರತೆ ಆಗಿತ್ತು.

ಆ ಎರಡು ತಿಂಗಳು ಸುಲಭ ಇರಲಿಲ್ಲ. ಕೆರೆ ಕಡೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಒಂದು ದಿನ ಹೋಗಿ ಕಲ್ಲುಬೆಂಚಿನ ಮೇಲೆ ಕೂತೆ, ಗೆಳತಿಯರು ಎದುರಿಗೆ ಓಡಿಹೋದರು, ಅವರ ಹೆಜ್ಜೆ ಸದ್ದು ದೂರ ಆಗುತ್ತಾ ಆಗುತ್ತಾ ಕೇಳದಂತಾಯಿತು. ಓಡುವವರಿಗೆ ಗೊತ್ತಾಗುತ್ತದೆ ಆ ಸಂಕಟ. 1984 ಅಂದರೆ ನಮಗೆಲ್ಲ ಪಿ.ಟಿ. ಉಷಾ ನೆನಪಾಗುತ್ತಾರೆ, ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿತಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಡಲು ಮೊದಲ ಸಲ ಅವಕಾಶ ಸಿಕ್ಕಿದ್ದೂ ಅಲ್ಲೇ. ಗೆದ್ದವರು ಅಮೆರಿಕದ ಜೋನ್ ಬೆನೊಯ್ಟ್, 2 ಗಂಟೆ 24 ನಿಮಿಷ 52 ಸೆಕೆಂಡ್. ಆ ತಂಡಕ್ಕೆ ಆಯ್ಕೆಯ ಓಟ ನಡೆಯುವುದಕ್ಕೆ 17 ದಿನ ಮೊದಲು ಅವರ ಮೊಣಕಾಲಿಗೆ ಆಪರೇಷನ್ ಆಗಿತ್ತು, ಆದರೂ ಗೆದ್ದರು. ನಾನು ಈ ಕಥೆ ಹೇಳಿಕೊಂಡೇ ನೋವಿನಲ್ಲೂ ಓಡಿದ್ದೆ. ಬೆಂಚಿನ ಮೇಲೆ ಕೂತು ಯೋಚಿಸಿದಾಗ ಬೇರೆ ಥರ ಕಂಡಿತು. ಅವರು ನೋವನ್ನು ಮುಚ್ಚಿಟ್ಟುಕೊಂಡು ಓಡಲಿಲ್ಲ. ಎಲ್ಲಿ ಕೆಟ್ಟಿದೆ ಅಂತ ನೋಡಿಸಿ, ಸರಿ ಮಾಡಿಸಿಕೊಂಡು ಓಡಿದರು. ಹಿಂದೆ ಹಲವು ವರ್ಷದ ಓಟ ಕೂಡ ಇತ್ತು. ಕಥೆಯ ಆ ಅರ್ಧವನ್ನು ನಾವು ಯಾರಿಗೂ ಹೇಳುವುದೇ ಇಲ್ಲ.

ಮತ್ತೆ ಶುರು ಮಾಡಿದ್ದು ಲೈಟ್ ಕಂಬದಿಂದಲೇ. ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಮರುದಿನ ಆ ಚುಕ್ಕೆಯ ಜಾಗ ಒತ್ತಿ ನೋಡುವುದು. ನೋವು ಇಲ್ಲದಿದ್ದರೆ ಮಾತ್ರ ಮುಂದಕ್ಕೆ. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸುವುದು, ನಾಲ್ಕನೇ ವಾರ ಇಳಿಸುವುದು. ವಾರದಲ್ಲಿ ಎರಡು ದಿನ ಬೈಠಕ್, ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ. ಮುಕ್ಕಾಲು ಪಾಲು ಓಟ ಮಾತಾಡುತ್ತಾ ಓಡುವಷ್ಟು ನಿಧಾನ. ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ಅತಿ ಉದ್ದದ ಓಟ 32 ಕಿಲೋಮೀಟರ್, ಅದರ ಹಿಂದಿನ ರಾತ್ರಿ ಹೊಟ್ಟೆ ತುಂಬಾ ಅನ್ನ ಸಾರು. ಕೊನೆಯ ಮೂರು ವಾರ ದೂರ ತಗ್ಗಿಸುತ್ತಾ ಬರಬೇಕು, ಅದಕ್ಕೆ ಟೇಪರ್ ಅನ್ನುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಕಷ್ಟ ಆಯಿತು. ಕಾಲಿಗೆ ಕೆಲಸ ಇಲ್ಲದಿದ್ದರೆ ಮನಸ್ಸು ಸುಮ್ಮನಿರುವುದಿಲ್ಲ.

2019ರ ಜನವರಿ. ಕತ್ತಲಿರುವಾಗಲೇ ಮುಂಬೈನ ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಎದುರಿನಿಂದ ಹೊರಟೆವು. ಮೈಸೂರಿನ ತಂಪಿನಲ್ಲಿ ಓಡಿದ ಮೈಗೆ ಮುಂಬೈ ಗಾಳಿ ಒದ್ದೆ ಬಟ್ಟೆ ಸುತ್ತಿದ ಹಾಗೆ. ಸೀ ಲಿಂಕ್ ಅಂದರೆ ಸಮುದ್ರದ ಮೇಲಿನ ಸೇತುವೆ, ಅದರ ಮೇಲೆ ಜನ ಇಲ್ಲ, ಬರೀ ಸಮುದ್ರ, ಸಾವಿರಾರು ಬೂಟುಗಳ ಸದ್ದು, ಅಲ್ಲೇ ಬೆಳಕಾಯಿತು. ಊರೊಳಗೆ ಬಂದ ಮೇಲೆ ನೋಡಬೇಕು ಆ ಊರಿನ ಜನವನ್ನು! ಮನೆ ಮುಂದೆ ನಿಂತು ಕಿತ್ತಳೆ ತೊಳೆ, ಚಿಕ್ಕಿ, ಬಿಸ್ಕೆಟ್, ಉಪ್ಪು ಕೊಡುತ್ತಾರೆ. ಯಾರೋ ಏನೋ, ನಮಗಾಗಿ ಬೆಳಿಗ್ಗೆ ಎದ್ದು ಕಿತ್ತಳೆ ಸುಲಿದಿದ್ದಾರೆ.

ಗಣಿತದವಳು ನಾನು, ಲೆಕ್ಕ ಮಾಡಿಕೊಂಡೇ ಹೋಗಿದ್ದೆ. ಓಡುವಾಗ ಮೈತೂಕದ ಒಂದು ಕೆಜಿಗೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲರಿ ಖರ್ಚು. ನನ್ನ ತೂಕ 58, ದೂರ 42, ಹತ್ತಿರ ಹತ್ತಿರ 2400. ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟಿರುವ ಸಕ್ಕರೆ ಅಂಶ ಸುಮಾರು 2000. ಕೊಬ್ಬು ಕರಗುತ್ತದೆ ನಿಜ, ಆದರೆ ನಿಧಾನ. ಅದಕ್ಕೇ ತುಂಬಾ ಜನರಿಗೆ 30 ಕಿಲೋಮೀಟರ್ ದಾಟಿದ ಮೇಲೆ ಎದುರಿಗೆ ಗೋಡೆ ಬಂದ ಹಾಗೆ ಆಗುತ್ತದೆ. ನಾನು ಅರ್ಧ ಗಂಟೆಗೊಂದು ಸಲ ಖರ್ಜೂರ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ. ನೀರು ಬಾಯಾರಿದಷ್ಟೇ ಕುಡಿದೆ. ಸುಮ್ನೆ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ಜೀವಕ್ಕೇ ಅಪಾಯ ಆಗಬಹುದು.

ಆದರೂ ಪೆಡ್ಡರ್ ರೋಡ್ ಏರು ಬಂದಾಗ, 35 ದಾಟಿತ್ತು, ಕಾಲು ನನ್ನದಲ್ಲ ಅನ್ನಿಸಿತು. ಏರಿಗೆ ನಡೆದೆ. ನನ್ನ ಟೀ ಶರ್ಟ್ ಮೇಲೆ ಕನ್ನಡದಲ್ಲಿ ಮೈಸೂರು ಅಂತ ಬರೆಸಿದ್ದೆ. ಫುಟ್‌ಪಾತ್ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬರು ಅಜ್ಜಿ ಅದನ್ನು ಓದಿ, "ಮೈಸೂರಾ? ಅಯ್ಯೋ ಬಾರವ್ವಾ, ಉಪ್ಪು ತಗೋ, ಇನ್ನೊಂದು ಸ್ವಲ್ಪ ಐತಿ, ಹೋಗು ಹೋಗು" ಅಂದರು. ಧಾರವಾಡದ ಕಡೆಯ ಮಾತು. ಅವರ ಅಂಗೈ ಮೇಲಿನ ಉಪ್ಪನ್ನು ಬೆರಳಲ್ಲಿ ಒತ್ತಿ ನಾಲಿಗೆಗೆ ಇಟ್ಟುಕೊಂಡು ಮತ್ತೆ ಓಡಿದೆ. 5 ಗಂಟೆ 24 ನಿಮಿಷ. ಕಾಲಿನ ಆ ಜಾಗ ಒತ್ತಿ ನೋಡಿದೆ, ನೋವು ಇರಲಿಲ್ಲ.

ಮರುದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ತೊಡೆ ಎರಡನೇ ದಿನ ಇನ್ನೂ ಜಾಸ್ತಿ ನೋಯಿತು, ಅದು ಸಹಜ, ನಾಲ್ಕೈದು ದಿನಕ್ಕೆ ಹೋಗುತ್ತದೆ. ಆದರೆ ನೋವು ಹೋಯಿತು ಅಂದರೆ ರಿಪೇರಿ ಮುಗಿಯಿತು ಅಂತಲ್ಲ. ಹಳೆಯ ಓಟಗಾರರು ಮೈಲಿಗೆ ಒಂದು ದಿನ ವಿಶ್ರಾಂತಿ ಅನ್ನುತ್ತಿದ್ದರು, ಅಂದರೆ 26 ದಿನ. ನಾನು ಆ ಮಾತನ್ನು ಹಾಗೇ ಪಾಲಿಸಿದೆ. ನಡೆದೆ, ನಿದ್ದೆ ಮಾಡಿದೆ, ಅತ್ತೆ ಮಾಡಿದ ಮೆಂತ್ಯದ ಮುದ್ದೆ ತಿಂದೆ. ಓಡಲಿಲ್ಲ.

ಈಗಲೂ ತರಬೇತಿ ನಡೆದಿದೆ. ಮನೆಯ ಕ್ಯಾಲೆಂಡರಿನಲ್ಲಿ ಓಡುವ ದಿನಗಳಿಗೆ ಗುರುತಿಲ್ಲ, ಓಡಬಾರದ ದಿನಗಳಿಗೆ ಅತ್ತೆಯೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ನಾಳೆಯ ತಾರೀಖಿಗೆ ಸುತ್ತು ಬಿದ್ದಿದೆ. ಹಾಗಾಗಿ ನಾಳೆ ಬೆಳಿಗ್ಗೆ ಕೆರೆ ಏರಿ ಮೇಲೆ ನಾನು ಸಿಗುವುದಿಲ್ಲ. ನಾಡಿದ್ದು ಬನ್ನಿ, ಒಂದು ಸುತ್ತು ಮಾತಾಡುತ್ತಾ ಹೋಗೋಣ.

ನಮಸ್ಕಾರ.