ವಾರ್ಡಿ ಲೆಸ್ಟರ್‌ನವನಲ್ಲ ಸ್ವಾಮಿ, ಸ್ಟಾಕ್ಸ್‌ಬ್ರಿಡ್ಜ್‌ನವನು!

ನಮಸ್ಕಾರ, ಬನ್ನಿ. ಇವತ್ತು ಸ್ವಲ್ಪ ತಲೆ ಬಿಸಿಯಾಗಿದೆ. ಲೆಸ್ಟರ್ ಸಿಟಿ ಕ್ಲಬ್ಬಿನಲ್ಲಿ ಹೆಸರು ಮಾಡಿದ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜೇಮಿ ವಾರ್ಡಿ ಬಗ್ಗೆ ಹೋದ ವಾರದ ವಿಡಿಯೊ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದ್ದಾನೆ: "ಜೇಮಿ ವಾರ್ಡಿ ಕತೆ ಶುರುವಾಗುವುದೇ ಲೆಸ್ಟರ್‌ನಲ್ಲಿ. ಅದಕ್ಕೆ ಮುಂಚಿನದೆಲ್ಲ ಟೈಂಪಾಸ್." ಟೈಂಪಾಸ್ ಅಂತೆ! ಅದೇನು ಕಡಲೆಕಾಯಿನಾ?

16ನೇ ವಯಸ್ಸಿಗೆ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬು 'ಹುಡುಗ ತೀರಾ ಗಿಡ್ಡ' ಅಂತ ಅವನನ್ನು ಮನೆಗೆ ಕಳಿಸಿತು. ಆಮೇಲೆ ಅವನಿಗೆ ಜಾಗ ಕೊಟ್ಟದ್ದು ಯಾರು? ಸ್ಟಾಕ್ಸ್‌ಬ್ರಿಡ್ಜ್ ಪಾರ್ಕ್ ಸ್ಟೀಲ್ಸ್ ಅನ್ನೋ ಪುಟ್ಟ ಕ್ಲಬ್ಬು. ಸ್ಟಾಕ್ಸ್‌ಬ್ರಿಡ್ಜ್ ಅಂದರೆ ಶೆಫೀಲ್ಡ್ ಹತ್ತಿರದ ಉಕ್ಕಿನ ಊರು. ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗಿನಿಂದ ಕೆಳಕ್ಕೆ ಎಣಿಸಿದರೆ ಏಳನೆಯದೋ ಎಂಟನೆಯದೋ ಮೆಟ್ಟಿಲು. ಮೇಲಿನ ನಾಲ್ಕು ವೃತ್ತಿಪರ ಲೀಗು ಬಿಟ್ಟು ಕೆಳಗಿನದಕ್ಕೆಲ್ಲ ನಾನ್-ಲೀಗ್ ಅಂತಾರೆ. ವಾರಕ್ಕೆ 30 ಪೌಂಡ್. ಹೊಟ್ಟೆಪಾಡಿಗೆ ಫ್ಯಾಕ್ಟರಿಯಲ್ಲಿ ಕಾಲಿಗೆ ಕಟ್ಟುವ ಸ್ಪ್ಲಿಂಟ್ ಮಾಡುವ ಕೆಲಸ. ವಾರ್ಡಿಯನ್ನು ವಾರ್ಡಿ ಮಾಡಿದ್ದು ಸ್ಟಾಕ್ಸ್‌ಬ್ರಿಡ್ಜ್. ಬರೆದಿಟ್ಟುಕೊಳ್ಳಿ.

ಇನ್ನೊಂದು ಹೇಳ್ತೀನಿ ಕೇಳಿ. 2007ರಲ್ಲಿ ಒಂದು ಹೊಡೆದಾಟದ ಕೇಸಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಕಾಲಿಗೆ ಎಲೆಕ್ಟ್ರಾನಿಕ್ ಟ್ಯಾಗ್, ಆರು ತಿಂಗಳು ಸಂಜೆ 6ರೊಳಗೆ ಮನೆ ಸೇರಬೇಕು. ಬೇರೆ ಊರಿನಲ್ಲಿ ಮ್ಯಾಚ್ ಇದ್ದರೆ? ಒಂದು ಗಂಟೆ ಆಡುತ್ತಿದ್ದ, ಹೊರಗೆ ಬರುತ್ತಿದ್ದ, ಬೇಲಿ ಹಾರಿ ಅಪ್ಪ-ಅಮ್ಮನ ಕಾರು ಹತ್ತುತ್ತಿದ್ದ. ಇಂಥ ಹುಡುಗನನ್ನು ಯಾವ ದೊಡ್ಡ ಕ್ಲಬ್ಬು ಇಟ್ಟುಕೊಳ್ಳುತ್ತದೆ? ಇವರು ಇಟ್ಟುಕೊಂಡರು. ಅರ್ಧ ಮ್ಯಾಚಾದರೂ ಪರವಾಗಿಲ್ಲ, ಬಾರಪ್ಪ ಅಂದರು. ಇದು ಟೈಂಪಾಸಾ?

ಅಂದ ಹಾಗೆ ನಮ್ಮ ಚಾನೆಲ್ಲೂ ನಾನ್-ಲೀಗೇ. ಸಬ್‌ಸ್ಕ್ರೈಬರ್‌ಗಳಲ್ಲಿ ನಮ್ಮಮ್ಮ, ದೊಡ್ಡಮ್ಮ ಇಬ್ಬರೂ ಇದ್ದಾರೆ. ಬೆಲ್ ಒತ್ತಿ.

ಮುಂದಿನದು ಬೇಗ ಹೇಳಿಬಿಡ್ತೀನಿ. 2010ರಲ್ಲಿ ಹ್ಯಾಲಿಫ್ಯಾಕ್ಸ್. 2011ರಲ್ಲಿ ಫ್ಲೀಟ್‌ವುಡ್, ಅಲ್ಲಿ ಒಂದೇ ಸೀಸನ್ನಿನಲ್ಲಿ 31 ಲೀಗ್ ಗೋಲು. 2012ರಲ್ಲಿ 10 ಲಕ್ಷ ಪೌಂಡ್ ಕೊಟ್ಟು ಲೆಸ್ಟರ್ ಕೊಂಡಿತು. ಆಗ ನಾನ್-ಲೀಗ್ ಆಟಗಾರನಿಗೆ ಅಷ್ಟು ದುಡ್ಡು ಯಾರೂ ಕೊಟ್ಟಿರಲಿಲ್ಲ. 2016ರಲ್ಲಿ ಪ್ರೀಮಿಯರ್ ಲೀಗ್ ಚಾಂಪಿಯನ್, ಅದೇ ಸೀಸನ್ನಿನಲ್ಲಿ ಸತತ 11 ಮ್ಯಾಚುಗಳಲ್ಲಿ ಗೋಲು. ಲೆಸ್ಟರ್ ಕೊಂಡದ್ದು ಮಾಗಿದ ಹಣ್ಣನ್ನು. ಗಿಡಕ್ಕೆ ನೀರು ಹಾಕಿದವರು ಬೇರೆ!

"ಅವನೊಬ್ಬ ಅಪವಾದ ಸಾರ್" ಅಂತೀರಿ. ಗೊತ್ತು, ನೀವು ಅದನ್ನೇ ಅಂತೀರಿ. ವಾರ್ಡಿಗೇ ಹಾಗೆ ಅನ್ನಿಸಲಿಲ್ಲವಲ್ಲ! ನಾನ್-ಲೀಗ್ ಹುಡುಗರಿಗೆ ಅಂತಲೇ ಅವನು ವಿ9 ಅಕಾಡೆಮಿ ಶುರು ಮಾಡಿದ. ಟ್ಯಾಮ್‌ವರ್ತ್‌ನಲ್ಲಿ ಆಡುತ್ತಿದ್ದ ಡ್ಯಾನಿ ನ್ಯೂಟನ್ ಅಲ್ಲಿಗೆ ಬಂದ. 2017ರಲ್ಲಿ ಸ್ಟೀವನೇಜ್ ಕ್ಲಬ್ಬಿಗೆ, ಅಂದರೆ ವೃತ್ತಿಪರ ಲೀಗಿಗೇ ಸೇರಿದ. ಸ್ಟಾಕ್ಸ್‌ಬ್ರಿಡ್ಜ್ ಮೈದಾನದಲ್ಲಿ ಇವತ್ತು ಜೇಮಿ ವಾರ್ಡಿ ಹೆಸರಿನ ಸ್ಟ್ಯಾಂಡ್ ಇದೆ. ಟೈಂಪಾಸ್ ಮಾಡಿ ಹೋದವನ ಹೆಸರನ್ನು ಯಾರಾದರೂ ಇಡ್ತಾರಾ?

ಲೆಸ್ಟರ್ ಏನು ಕೊಟ್ಟಿತು ಹೇಳಿ? ದುಡ್ಡು. ಸರಿ, ಕಪ್ಪೂ ಕೊಟ್ಟಿತು. ಅಲ್ಲಿದ್ದಾಗಲೇ ಇಂಗ್ಲೆಂಡ್ ಟೀಮಿಗೂ ಹೋದ, ಅದೂ ಹೌದು. ಎಫ್‌ಎ ಕಪ್ ಅನ್ನೋ ಇನ್ನೊಂದು ದೊಡ್ಡ ಕಪ್ಪೂ... ಅಯ್ಯೋ ಅದಿರಲಿ ಬಿಡಿ! ಬೇಲಿ ಹಾರಿದ್ದು ಎಲ್ಲಿ? ಸ್ಟಾಕ್ಸ್‌ಬ್ರಿಡ್ಜ್‌ಗೆ ಆಡುವಾಗ. ಮುಗೀತು. ಇದರ ಮೇಲೆ ನನ್ನ ಹತ್ತಿರ ವಾದ ಬೇಡ.

ಕಾಫಿ ಆರಿ ಹೋಯ್ತು ನೋಡಿ ಇವನಿಂದ. ಲೈಕ್ ಮಾಡಿ, ಶೇರ್ ಮಾಡಿ. ಆ ಪುಣ್ಯಾತ್ಮನೂ ಬೆಲ್ ಒತ್ತಲಿ, ಸುಮ್ನೆ ಟೈಂಪಾಸ್‌ಗೆ.