ಎಂಟರ ಲೆಕ್ಕ

ಕೇಳುಗರಿಗೆ ನಮಸ್ಕಾರ.

2024ರ ಮೇ 7ಕ್ಕೆ ನಮ್ಮ ಕಡೆ ಲೋಕಸಭೆ ಮತದಾನ. ಅದಕ್ಕೆ ನಾಲ್ಕು ದಿನ ಮೊದಲು ಗದಗಿನ ಒಂದು ಚಹಾದಂಗಡಿಯಲ್ಲಿ ಕೂತಿದ್ದೆ. ಎದುರು ಬೆಂಚಿನಲ್ಲಿ ಇಬ್ಬರು ಬೀಗರು. ರೋಣದವರು ಚಹಾ ಬಶಿಗೆ ಸುರುವಿಕೊಳ್ಳುತ್ತ ಕೇಳಿದರು: "ನಿಮ್ಮ ಕಡೆ ಯಾರ ಹವಾ ಐತ್ರಿ ಬೀಗರ?" ನರಗುಂದದವರು ನಕ್ಕರು. "ನಮ್ಮ ಹವಾ ಬಾಗಲಕೋಟಿ ಕಡೆ ಬೀಸತೈತ್ರಿ, ನಿಮ್ಮದು ಹಾವೇರಿ ಕಡೆ. ಕೇಳಿ ಏನ್ ಮಾಡ್ತೀರಿ?"

ಇಬ್ಬರದೂ ಗದಗ ಜಿಲ್ಲೆಯೇ. ಆದರೆ ಗದಗ ಅನ್ನುವ ಲೋಕಸಭಾ ಕ್ಷೇತ್ರವೇ ಇಲ್ಲ. ಯಾಕೆ ಅಂದರೆ ಎಂಟರ ಲೆಕ್ಕ. ರಾಜ್ಯದ 224 ವಿಧಾನಸಭಾ ಕ್ಷೇತ್ರಗಳನ್ನು 28 ಲೋಕಸಭಾ ಸ್ಥಾನಗಳಿಗೆ ಹಂಚಿದರೆ ಒಂದಕ್ಕೆ ಎಂಟು. ವಿಧಾನಸಭಾ ಕ್ಷೇತ್ರವನ್ನು ಹರಿದು ಎರಡು ಕಡೆ ಹಾಕುವ ಹಾಗಿಲ್ಲ. ಧಾರವಾಡ ಜಿಲ್ಲೆಯಲ್ಲಿ ಇರುವುದು ಏಳು, ಒಂದು ಕಡಿಮೆ ಬಿತ್ತು. ಹಾವೇರಿ ಜಿಲ್ಲೆಯ ಶಿಗ್ಗಾವಿ ಬಂತು. ಹಾವೇರಿಗೆ ಉಳಿದದ್ದು ಐದು, ಅದಕ್ಕೆ ಗದಗ, ರೋಣ, ಶಿರಹಟ್ಟಿ ಕೂಡಿದವು. ಒಂಟಿಯಾಗಿ ಉಳಿದ ನರಗುಂದ, ಏಳೇ ಇದ್ದ ಬಾಗಲಕೋಟೆಗೆ ಹೋಯಿತು. ಪಾಲು ಹಂಚುವ ಮನೆಯಲ್ಲಿ ಕಡೆಗೆ ಉಳಿದ ತಟ್ಟೆ ಇದ್ದ ಹಾಗೆ!

ಈ ಗೆರೆ ಎಳೆದದ್ದು 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ, 2001ರ ಜನಗಣತಿ ಹಿಡಿದು. ಧಾರವಾಡ ಉತ್ತರ, ಧಾರವಾಡ ದಕ್ಷಿಣ ಅನ್ನುವ ಹೆಸರು ಆಗಲೇ ಹೋದವು. ಆದರೆ 28 ಅನ್ನುವ ಅಂಕಿ ಮಾತ್ರ ಕದಲಲಿಲ್ಲ. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಸೀಟು ಕಡಿಮೆಯಾಗಬಾರದು ಅಂತ 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಸ್ಥಾನಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತ್ತು. 84ನೇ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಜನಗಣತಿವರೆಗೆ ಹಾಗೇ ಬಿಟ್ಟಿತು. ನನಗೆ ಕೇಳಿದರೆ, ಜಿಲ್ಲೆ ಒಡೆದ ಸಿಟ್ಟಿಗಿಂತ ಈ ಗಂಟಿನ ಮೇಲೆಯೇ ನಾವು ಕಣ್ಣಿಡಬೇಕು.

ಇನ್ನು ಓಟಿನ ಹಕ್ಕು. ಹದಿನೆಂಟು ತುಂಬಿದರೆ ಸಾಲದು, ಪಟ್ಟಿಯಲ್ಲಿ ಹೆಸರು ಬೇಕು. ಹೆಸರು ಎಲ್ಲಿ? ಸಾಮಾನ್ಯವಾಗಿ ವಾಸ ಇರುವಲ್ಲಿ, ಅನ್ನುತ್ತದೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ. ಊರಲ್ಲಿ ಸ್ವಂತ ಮನೆ ಇದೆ ಅನ್ನುವುದಷ್ಟೇ ನಡೆಯದು. ಎರಡು ಕಡೆ ಹೆಸರಂತೂ ಇಲ್ಲವೇ ಇಲ್ಲ.

ಇದನ್ನೇ ನರಗುಂದದ ಹಿರಿಯರಿಗೆ ಹೇಳಿದೆ. ಅವರ ಮಗ ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಬಾಡಿಗೆ ಮನೆ ಮಾಡಿ ಮೂರು ವರ್ಷ ಆಗಿತ್ತಂತೆ, ಹೆಸರು ಇನ್ನೂ ಊರ ಪಟ್ಟಿಯಲ್ಲೇ. ಫಾರಂ 8 ತುಂಬಿದರೆ ಧಾರವಾಡಕ್ಕೆ ಬದಲಾಗುತ್ತದೆ, ಅಂದೆ.

ಅವರು ಬಶಿ ಕೆಳಗಿಟ್ಟರು. "ಬ್ಯಾಡ್ರಿ ಸರ. ಓಟಿನ ನೆವಕ್ಕಾದ್ರೂ ಊರಿಗೆ ಬರ್ತಾನ."